ಪರದೆಯ ಅಂಚಿಗೆ ಪುಟ ಮುಗಿಯುವುದಿಲ್ಲ

ಉದ್ಯೋಗಕ್ಕೋ ವಿದ್ಯಾರ್ಥಿವೇತನಕ್ಕೋ ಕಂಪ್ಯೂಟರಿನ ಮೂಲಕ ಅರ್ಜಿ ಸಲ್ಲಿಸಿದವರು, ತಾವು ತುಂಬಿದ ವಿವರಗಳಿಗೆ ಸಾಕ್ಷ್ಯವೊಂದಿರಲೆಂದು ಸ್ಕ್ರೀನ್‌ಶಾಟ್ ತೆಗೆದಿರಿಸಿಕೊಳ್ಳುವುದು ಈಗ ಸರ್ವಸಾಮಾನ್ಯವಾದ ಪದ್ಧತಿ. ಆದರೆ ಅರ್ಜಿಯ ಪುಟವು ಪರದೆಗಿಂತ ನಾಲ್ಕೈದು ಪಾಲು ಉದ್ದವಾಗಿದ್ದು, ಹೆಸರು ಒಂದು ಚಿತ್ರದಲ್ಲಿ, ಶುಲ್ಕ ಸಂದಾಯದ ಸಂಖ್ಯೆ ಇನ್ನೊಂದರಲ್ಲಿ, ಷರತ್ತುಗಳು ಮತ್ತೊಂದರಲ್ಲಿ ಹಂಚಿಹೋದಾಗ, ಅವೆಲ್ಲವೂ ಒಂದೇ ಅರ್ಜಿಯ ಅವಯವಗಳೆಂದು ತೋರಿಸಿಕೊಡುವ ಹೊಣೆಯು ಅರ್ಜಿದಾರನ ತಲೆಯ ಮೇಲೆಯೇ ಬೀಳುತ್ತದೆ. ಇಡಿಯ ಪುಟವನ್ನು ಒಂದೇ ಚಿತ್ರವಾಗಿ ಹಿಡಿಯುವ ಸಾಧನವು ಎಲ್ಲ ಕಂಪ್ಯೂಟರುಗಳಲ್ಲಿಯೂ ಸಾಮಾನ್ಯನ ಕಣ್ಣಿಗೆ ಕಾಣುವಂತೆ ಇರತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೀಲಿಮಣೆಯ ಪ್ರಿಂಟ್ ಸ್ಕ್ರೀನ್ ಗುಂಡಿಯನ್ನು ಒತ್ತಿದಾಗ ಯಂತ್ರವು ನಕಲು ಮಾಡುವುದು ಪುಟವನ್ನಲ್ಲ, ಆ ಕ್ಷಣದಲ್ಲಿ ಪರದೆಯ ಮೇಲೆ ಮೂಡಿರುವ ಬಿಂದುಗಳನ್ನು ಮಾತ್ರ. ಪರದೆಯ ಎತ್ತರ 1080 ಬಿಂದುಗಳಾದರೆ, ಅದರ ಕೆಳಗೆ ಕಾದಿರುವ ಸಾಲುಗಳು ಆ ನಕಲಿನ ಪಾಲಿಗೆ ಇಲ್ಲವೇ ಇಲ್ಲ. ಪುಟವನ್ನು ಮೆಲ್ಲನೆ ಸರಿಸುತ್ತ, ತುಂಡುತುಂಡಾಗಿ ಹಿಡಿದು, ಅನಂತರ ಜೋಡಿಸುವ ತಂತ್ರಾಂಶಗಳು ಬಹಳ ಕಾಲದಿಂದ ಉಂಟು. ಅವುಗಳ ಶ್ರಮವು ಶ್ಲಾಘ್ಯವೇ. ಆದರೆ ಪುಟ ಎಷ್ಟು ಸರಿದರೂ ಮೇಲ್ತುದಿಯಲ್ಲಿಯೇ ನಿಲ್ಲುವ ಶೀರ್ಷಿಕೆಯ ಪಟ್ಟಿಯು ಪ್ರತಿಯೊಂದು ತುಂಡಿನಲ್ಲಿಯೂ ಮರುಕಳಿಸಿ ನಡುವಣ ಸಾಲುಗಳನ್ನು ಮುಚ್ಚಿಬಿಡುವುದುಂಟು. ಓದುಗನು ಸಮೀಪಿಸಿದ ಮೇಲೆಯೇ ಬಂದು ಸೇರುವ ಚಿತ್ರಗಳ ಸ್ಥಾನ ಬರಿದಾಗಿ ಉಳಿಯುವುದೂ ಉಂಟು. ಪುಟದ ಆದ್ಯಂತವನ್ನು ಬಲ್ಲುದು ಅದನ್ನು ವಿನ್ಯಾಸಗೊಳಿಸಿ ತೋರಿಸುವ ಬ್ರೌಸರ್. ಆದುದರಿಂದ ಈ ಕಾರ್ಯವು ನ್ಯಾಯವಾಗಿ ಅದಕ್ಕೇ ಸಲ್ಲತಕ್ಕದ್ದು.

ಫೈರ್‌ಫಾಕ್ಸ್ ಇದನ್ನು ಒಪ್ಪಿಕೊಂಡಿದೆ: ಪುಟದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ಸ್ಕ್ರೀನ್‌ಶಾಟಿನ ಆಯ್ಕೆಯೂ, ಅದರೊಳಗೆ ಪೂರ್ಣಪುಟವನ್ನು ಉಳಿಸುವ ಅನುಕೂಲವೂ ದೊರೆಯುತ್ತವೆ. ಐಫೋನಿನ ಸಫಾರಿಗೆ 2019ರಲ್ಲಿ, ಐಓಎಸ್ 13ರೊಡನೆ, ಈ ಸೌಕರ್ಯ ಬಂದಿತು. 2021ರ ಆಂಡ್ರಾಯ್ಡ್ 12 ಉದ್ದದ ಚಿತ್ರಕ್ಕೆ ಎಡೆಮಾಡಿಕೊಟ್ಟಿತು. ಕಂಪ್ಯೂಟರಿನ ಕ್ರೋಮಿಗೂ ಈ ಶಕ್ತಿ 2017ರಲ್ಲಿಯೇ ಬಂದಿತಾದರೂ, ಅದನ್ನು ಇರಿಸಿದ್ದು ತಂತ್ರಜ್ಞರಿಗೆಂದು ಮೀಸಲಾದ ಡೆವಲಪರ್ ಟೂಲ್ಸ್ ಎಂಬ ಒಳಕೋಣೆಯಲ್ಲಿ. ಅಲ್ಲಿಗೆ ಹೋಗಿ, ಕಂಟ್ರೋಲ್, ಶಿಫ್ಟ್, ಪಿ ಎಂಬ ಮೂರು ಕೀಲಿಗಳನ್ನು ಕೂಡಿಸಿ ಒತ್ತಿ, ಆಜ್ಞೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹುಡುಕಬೇಕು. ಅರ್ಜಿ ತುಂಬಲು ಬಂದ ಹಳ್ಳಿಯ ವಿದ್ಯಾರ್ಥಿಯೊಬ್ಬನು ಇದನ್ನು ತಾನಾಗಿ ಕಂಡುಕೊಂಡಾನೆಂದು ನಿರೀಕ್ಷಿಸುವುದು ಅನ್ಯಾಯ.

ಪುಟವನ್ನು ಪ್ರಿಂಟ್ ಆಜ್ಞೆಯ ಮೂಲಕ ಪಿಡಿಎಫ್ ಆಗಿ ಉಳಿಸಬಹುದಲ್ಲವೆ ಎಂದು ಕೇಳುವವರಿದ್ದಾರೆ. ಉಳಿಸಬಹುದು, ಅಕ್ಷರಗಳು ಅಕ್ಷರಗಳಾಗಿಯೇ ಉಳಿದು ಹುಡುಕಲು ಒದಗುವುದರಿಂದ, ಎಷ್ಟೋ ಸಂದರ್ಭಗಳಲ್ಲಿ ಅದೇ ಮೇಲು. ಆದರೆ ಮುದ್ರಣಕ್ಕೆಂದು ಬೇರೆಯೇ ವಿನ್ಯಾಸವನ್ನು ತಳೆಯುವ ಪುಟಗಳಲ್ಲಿ, ಕಣ್ಣು ಕಂಡದ್ದಕ್ಕೂ ಕಾಗದಕ್ಕೆ ಇಳಿದದ್ದಕ್ಕೂ ಅಂತರ ಉಂಟಾಗುತ್ತದೆ. ಅಂಥಲ್ಲಿ ಉದ್ದದ ಚಿತ್ರವೇ ಮೇಲು; ವಾಟ್ಸ್ಆ್ಯಪಿನಲ್ಲಿ ಕಳುಹಿಸುವವರು ಅದನ್ನು ಫೋಟೋ ಆಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸುವುದು ಒಳಿತು. ಇಲ್ಲವಾದರೆ ಅದು ಕುಗ್ಗಿ ಅಕ್ಷರಗಳು ಮಸುಕಾಗುತ್ತವೆ.

ಬ್ರೌಸರುಗಳನ್ನು ನಿರ್ಮಿಸುವವರು ಪೂರ್ಣಪುಟದ ಆಯ್ಕೆಯನ್ನು ಒಳಕೋಣೆಯಿಂದ ಹೊರಕ್ಕೆ ತಂದು, ಕನ್ನಡದ ಹೆಸರಿನೊಡನೆ, ಪ್ರಿಂಟ್ ಆಜ್ಞೆಯ ಪಕ್ಕದಲ್ಲಿಯೇ ಇರಿಸಲಿ. ಸರ್ಕಾರಿ ಜಾಲತಾಣಗಳನ್ನು ಕಟ್ಟುವವರು, ಅರ್ಜಿ ಸಲ್ಲಿಕೆಯಾದೊಡನೆಯೇ ಅದರ ಸಮಗ್ರ ಪ್ರತಿಯನ್ನು ದಿನಾಂಕ ಮತ್ತು ಸಮಯಗಳ ಸಹಿತ ಅರ್ಜಿದಾರನ ಕೈಗೆ ಕೊಡಲಿ.