ಹೊಳೆ ಏರಿದಾಗ ಮನೇಲಿರೋರು ಯಾರು?

ಅಕ್ಕದಿರಾ, ಆಶ್ಲೇಷ ಮಳೆ ಹಿಡಿದ್ರೆ ನನ್ನ ಜೀವ ತವರಿನ ಕಡೆ ಎಳೀತದೆ. ನಮ್ಮ ವೀರನಹೊಸಹಳ್ಳೀಲಿ ಆನೆ ಭಯ. ತವರು ಹನಗೋಡು ಕಡೆ, ಅಲ್ಲಿ ಲಕ್ಷ್ಮಣತೀರ್ಥದ ಭಯ. ಈ ಹೊಳೆ ಹುಟ್ಟೋದು ಕೊಡಗಿನ ಬ್ರಹ್ಮಗಿರೀಲಿ. ಅಲ್ಲಿ ರಾತ್ರಿಯೆಲ್ಲ ಸುರಿದ್ರೆ, ನಮ್ಮಲ್ಲಿ ಬಿಸಿಲು ಕಾಯ್ತಿದ್ರೂ ಹೊಳೆ ಕೆಂಪಗೆ ಏರ್ತದೆ. 2019ರ ಆಗಸ್ಟ್‌ನಲ್ಲಿ ದಡ ಮೀರಿ ಗದ್ದೆಗೆ ನುಗ್ಗಿದ್ದು ನಿಮಗೂ ನೆನಪಿರಬೇಕು.

ಅದಕ್ಕೂ ಮುಂಚಿನ ಮಾತು. ತವರಿಗೆ ಹೋಗಿದ್ದೆ, ಬಟ್ಟೆ ಒಗೀತಿದ್ವಿ. ಪಕ್ಕದ ಮನೆ ಹುಡುಗಿ ಸೋಪು ಹಿಡಿಯೋಕೆ ಹೋಗಿ ಜಾರಿಬಿಟ್ಳು. ನಾನು ಕಿರುಚಿಕೊಂಡೆ, ಅಷ್ಟೇ ನನ್ನ ಕೈಲಾಗಿದ್ದು. ನಮ್ಮ ದೊಡ್ಡವ್ವ ನೀರಿಗಿಳೀಲಿಲ್ಲ. ದಡದಲ್ಲೇ ಕೂತು, ಒದ್ದೆ ಸೀರೆಯ ಒಂದು ತುದಿ ಬಿಗಿಯಾಗಿ ಹಿಡಿದು ಇನ್ನೊಂದು ತುದಿ ಎಸೆದ್ರು. ಹುಡುಗಿ ಹಿಡ್ಕೊಂಡ್ಳು, ಬದುಕಿದ್ಳು. ಆಗ ಸುತ್ತ ಒಬ್ಬ ಗಂಡಸೂ ಇರ್ಲಿಲ್ಲ. ಎಲ್ಲಾ ಹೊಗೆಸೊಪ್ಪಿನ ಬೇರನ್ ಹತ್ರ ಇದ್ರು.

ನಾ ಹೇಳೋದು ಇದೇ ಕಣ್ರವ್ವಾ. ಹಗಲೊತ್ತು ಊರಲ್ಲಿರೋರು ನಾವು, ಮುದುಕ್ರು, ಮಕ್ಕಳು. ಆದ್ರೆ ಜೀವ ಉಳಿಸೋ ತರಬೇತಿ ಅಂದ್ರೆ ಗಂಡುಹುಡುಗ್ರನ್ನೇ ಕಳಿಸ್ತಾರೆ. ಕಲಿತ ಹುಡುಗ ಬೆಳಗಾದ್ರೆ ಹುಣಸೂರಿಗೋ ಮೈಸೂರಿಗೋ ಕೆಲಸಕ್ಕೆ ಹೋಗಿರ್ತಾನೆ.

ಸರ್ಕಾರದ 'ಆಪದ ಮಿತ್ರ' ಯೋಜನೆ ಒಳ್ಳೇದೇ. ಊರಿನವರಿಗೇ ನೆರೆ, ಬೆಂಕಿ, ಪ್ರಥಮ ಚಿಕಿತ್ಸೆ ಎಲ್ಲಾ ಕಲಿಸ್ತಾರೆ. ಆದ್ರೆ ತರಬೇತಿ 12 ದಿನದ್ದು. ಹಾಲು ಕರೆಯೋದು, ಮಕ್ಕಳ ಸ್ಕೂಲು, ಅತ್ತೆ ಮಾತ್ರೆ, ಇವನ್ನ 12 ದಿನ ಯಾರಿಗೆ ಒಪ್ಪಿಸಿ ಹೋಗೋದು? ಅದನ್ನೇ ಬಿಡಿಸಿ, ಮಧ್ಯಾಹ್ನ ಎರಡೆರಡು ಗಂಟೆ ನಮ್ಮ ಊರಿಗೇ ಬಂದು ಕಲಿಸಲಿ.

'ಫೈರ್ ಇಂಜಿನ್ ಬತ್ತದಲ್ಲ' ಅಂತಾರೆ ನಮ್ಮನೆಯೋರು. ಬರಲಿ, ಬೇಡ ಅಂದೋರ್ಯಾರು? ಆದ್ರೆ ಉಸಿರು ನಿಂತ ಮಗು ಅದು ಬರೋಗಂಟ ಕಾಯ್ತದಾ? 2018ರಲ್ಲಿ ಕೇರಳ ಮುಳುಗಿದಾಗ ಸಾವಿರಾರು ಜನರನ್ನ ಎತ್ತಿದ್ದು ಕಡಲ ದಡದ ಮೀನುಗಾರರು. ಅವರಿಗೆ ನೀರೂ ಗೊತ್ತಿತ್ತು, ದೋಣಿಯೂ ಇತ್ತು.

ನಮಗೂ ಒಂದಿಷ್ಟು ಗೊತ್ತಿರಲಿ. ಈಜು ಬಂದ್ರೂ ದಡಬಡ ಅಂತ ನೀರಿಗೆ ಹಾರಬಾರದು. ಸೀರೆ, ಹಗ್ಗ ಎಸೀಬೇಕು, ಇಲ್ಲಾ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ ಎಸೀಬೇಕು. ಹರಿಯೋ ನೀರು ಮೊಣಕಾಲುದ್ದ ಇದ್ರೂ ಆಳನ್ನ ಕೆಡವ್ತದೆ, ದಾಟಬಾರದು. ಮುಳುಗಿದೋರ ಹೊಟ್ಟೆ ಅಮುಕೋದು, ತಲೆಕೆಳಗು ಮಾಡಿ ತಿರುಗಿಸೋದು ತಪ್ಪು. ಉಸಿರಾಡದಿದ್ರೆ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು, ಎದೆ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಇದು ಓದಿ ಬರೋ ವಿದ್ಯೆ ಅಲ್ಲ, ಬೊಂಬೆ ಮೇಲೆ ಕೈಯಿಟ್ಟು ಕಲೀಬೇಕು. 112 ಮತ್ತೆ 1077, ಈ ಎರಡು ನಂಬರ್ ಅಡುಗೆಮನೆ ಗೋಡೆ ಮೇಲೆ ದಪ್ಪಗೆ ಬರ್ಕೊಳ್ಳಿ.

ಮುಂದಿನ ಸಂಘದ ಸಭೇಲಿ ಸಾಲದ ಲೆಕ್ಕ ಮುಗಿದ ಮೇಲೆ ಎದ್ದುಹೋಗಬೇಡಿ. ತರಬೇತಿ ನಮ್ಮೂರಿಗೇ ಬರಲಿ ಅಂತ ಒಂದು ಅರ್ಜಿ ಬರೆದು ಎಲ್ಲಾರೂ ಸೈನ್ ಹಾಕಿ ಪಂಚಾಯ್ತಿಗೆ ಕೊಡೋಣ. ದೊಡ್ಡವ್ವ ಈಗಿಲ್ಲ. ಅವತ್ತು ಅವರಿಗೆ ಹೊಳೆದಿದ್ದು ನನಗೆ ಹೊಳೀಲಿಲ್ಲ ಅನ್ನೋದು ಇನ್ನೂ ಚುಚ್ಚುತದೆ. ಎಲ್ಲಾ ದಡದಲ್ಲೂ ಒಬ್ಬ ದೊಡ್ಡವ್ವ ಇರ್ತಾರೆ ಅಂತ ನಂಬ್ಕೊಂಡು ಕೂರೋಕಾಗಲ್ಲ. ನಾವೇ ಕಲೀಬೇಕು.