ಯಾರಿಗೆ ಯಾರ ಸಹಾಯ?

ಹುಬ್ಬಳ್ಳಿ-ಧಾರವಾಡದಲ್ಲಿ ಸಂಸಾರ ಹೂಡಿದವರಿಗೆ ‘ನೀರು ಬರುವ ದಿನ’ವೆಂದರೇನೆಂಬದನ್ನು ಬಿಡಿಸಿ ಹೇಳಬೇಕಾಗಿಲ್ಲ. 2008ರ ಸುಮಾರಿಗೆ ಊರಿನ ಕೆಲವು ಭಾಗಗಳಿಗೆ ಇಪ್ಪತ್ನಾಲ್ಕು ತಾಸೂ ನೀರು ದೊರೆಯುವ ವ್ಯವಸ್ಥೆಯಾಯಿತು. ನಮ್ಮ ಓಣಿಗೆ ಮಾತ್ರ ಮಲಪ್ರಭೆ ದರ್ಶನ ಕೊಡುವದು ನಾಲ್ಕಾರು ದಿನಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಆ ದಿನವನ್ನು ನೆನಪಿಡುವವಳು ಅವ್ವ. ನಡುರಾತ್ರಿ ನಳದ ಸಪ್ಪಳಕ್ಕೆ ಏಳುವವಳೂ ಅವಳೇ.

ಒಮ್ಮೆ ಅವಳಿಗೆ ಜ್ವರ ಬಂದಿತ್ತು. ಅಪ್ಪ ಎದ್ದು ನೀರು ತುಂಬಿದ. ಬೆಳಿಗ್ಗೆ ಚಹಾ ಕುಡಿಯುತ್ತ, “ರಾತ್ರಿ ನಿನಗ ಸಹಾಯ ಮಾಡೀನಿ ನೋಡ” ಎಂದ. ಅವ್ವ ಮಲಗಿದಲ್ಲಿಂದಲೇ, “ಆ ನೀರು ನಾ ಒಬ್ಬಾಕಿನ ಕುಡಿತೀನೇನ್ರಿ?” ಎಂದಳು.

ನನ್ನ ಆಕ್ಷೇಪವಿರುವದು ಈ ‘ಸಹಾಯ’ವೆಂಬ ಶಬ್ದದ ಮೇಲೆಯೇ. ಸಹಾಯ ಮಾಡುವವನು ಮನಸ್ಸಾದಾಗ ಮಾಡಿಯಾನು, ಬೇಸರವಾದಾಗ ಬಿಟ್ಟಾನು. ಮೇಲೆ ಉಪಕಾರಸ್ಮರಣೆಯನ್ನೂ ಬಯಸಿಯಾನು. ತನ್ನ ಕೆಲಸವೆಂದು ತಿಳಿದವನಿಗೆ ಈ ಸವಲತ್ತುಗಳಿಲ್ಲ.

ಅಪ್ಪ ಸೋಮಾರಿಯಲ್ಲ. ದಿನವಿಡೀ ಚೀಲ ಹೊತ್ತ ಅವನ ಬೆನ್ನು ಎಂಥದೆಂದು ನಾನು ಬಲ್ಲೆ. ಆದರೆ ಅವ್ವನೂ ಮಧ್ಯಾಹ್ನದ ತನಕ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ಬರುವವಳು. ಅಲ್ಲಿ ಅವಳ ರೊಟ್ಟಿಗೆ ಲೆಕ್ಕವುಂಟು, ಕೂಲಿಯುಂಟು. ಮನೆಗೆ ಬಂದು ಅದೇ ಕೈಯಿಂದ ಬಡಿದ ರೊಟ್ಟಿ ಯಾರ ಎಣಿಕೆಗೂ ಸಿಗದು. 2011ರ ಜನಗಣತಿಯಲ್ಲಿಯೂ ಬರಿಯ ಮನೆಗೆಲಸ ಮಾಡುವವಳು ‘ದುಡಿಯದವರ’ ಪಟ್ಟಿಯಲ್ಲಿಯೇ ಇದ್ದಳು! 2024ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಾದರೂ ಗಡಿಯಾರ ಹಿಡಿದು ನೋಡಿತು: ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ನಿಮಿಷಕ್ಕೆ ನಿಮಿಷ ಸರಿತೂಗಿಸಬೇಕೆಂದು ನಾನು ಹೇಳುವದಿಲ್ಲ. ಆದರೆ ನೆನಪಿಡುವ, ಕಾಯುವ ಹೊರೆ ಒಬ್ಬಳದೇ ಏಕಾಗಬೇಕು?

ಗಂಡಸರ ಕೈಗೆ ಅಡಿಗೆ ಒಗ್ಗದೆಂಬ ವಾದವೊಂದಿದೆ. ಧಾರವಾಡದಲ್ಲಿ ನಿಂತು ಈ ಮಾತಾಡುವವರು ಪೇಢೆಯ ಕಡಾಯಿಯ ಮುಂದೆ ನಿಂತು ಖೋವಾ ತಿರುವುವವರನ್ನು ಒಮ್ಮೆ ನೋಡಿ ಬರಲಿ. ಮದುವೆಯ ಸಾವಿರ ಎಲೆಯ ಅಡಿಗೆಯೂ ಗಂಡಸರದೇ. ಸಂಬಳ ಬಂದೊಡನೆ ಕೈ ಒಗ್ಗಿಬಿಡುತ್ತದೆ!

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳೆಂಬ ಕಥೆಯನ್ನು ನಾವೆಲ್ಲ ಕೇಳಿದವರೇ. ಕಾಯಕದ ವಿಷಯದಲ್ಲಿ ಅವಳ ಮಾತು ಗಂಡನ ಮನೆಯಲ್ಲಿ ನಡೆಯಿತು. ಅವಳ ಬಗ್ಗೆ ಚರ್ಚಾಕೂಟದಲ್ಲಿ ಆವೇಶದಿಂದ ಮಾತಾಡಿ ಬಹುಮಾನ ಪಡೆದವರಲ್ಲಿ ನಾನೂ ಒಬ್ಬ. ಆ ರಾತ್ರಿ ಉಂಡ ತಾಟನ್ನು ಅಲ್ಲಿಯೇ ಬಿಟ್ಟು ಎದ್ದೆ, ತೊಳೆದವಳು ತಂಗಿ. ಅವಳಿಗೂ ಮರುದಿನ ಪರೀಕ್ಷೆಯಿತ್ತು. ನನ್ನ ಬಿ.ಎ. ಪದವಿಯಲ್ಲಿ ಅವಳ ಪಾಲೆಷ್ಟೆಂದು ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ.

ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ನೀರಿನ ದಿನಕ್ಕೆ ಗುರುತು ಹಾಕುವವನು ಅಪ್ಪ. ಅವನೂ ನಾನೂ ಪಾಳಿಯ ಮೇಲೆ ಏಳುತ್ತೇವೆ. ಕಳೆದ ವಾರ ಇಬ್ಬರೂ ಮರೆತು ಮಲಗಿದೆವು. ಅವ್ವ ಎದ್ದು ತುಂಬಿದ್ದಳು.