ಕೂದಲಿನ ರೋಗವೂ ಊರಿನ ಬಾಯಿಯೂ

ಹರಕೆಯ ಮುಡಿ ಕೊಟ್ಟು ಬಂದವನ ಬೋಳುತಲೆಯನ್ನು ನಮ್ಮ ಜನರು ಗೌರವಿಸುವರು. ರೋಗದಿಂದ ಕೂದಲು ಕಳೆದುಕೊಂಡ ಬಾಲೆಯನ್ನು ಕಂಡರೆ ಅಪಶಕುನವೆಂದು ಮುಖ ತಿರುಗಿಸುವರು. ಈ ವಿಪರೀತಕ್ಕೆ ಅಜ್ಞಾನವಲ್ಲದೆ ಬೇರೆ ಕಾರಣವಿಲ್ಲ.

ಆಯುರ್ವೇದವು ಇಂದ್ರಲುಪ್ತವೆಂದೂ ಪಾಶ್ಚಾತ್ಯ ವೈದ್ಯವು ಅಲೋಪೇಷಿಯಾ ಏರಿಯೇಟಾ ಎಂದೂ ಕರೆಯುವ ಈ ವ್ಯಾಧಿಯಲ್ಲಿ, ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೂದಲಿನ ಬುಡದ ಮೇಲೆ ಬೀಳುತ್ತದೆ. ನಾಣ್ಯದಗಲದ ನುಣುಪಾದ ಬೋಳು ಮೊದಲು ತೋರುತ್ತದೆ. 100 ಜನರಲ್ಲಿ ಸುಮಾರು 2 ಮಂದಿಗೆ ಜೀವಮಾನದಲ್ಲಿ ಎಂದಾದರೂ ಇದು ಬರಬಹುದು. ಹುಬ್ಬು ರೆಪ್ಪೆಗಳೂ ಸೇರಿ ಮೈಗೂದಲೆಲ್ಲ ಉದುರುವ ರೂಪವು ಮಾತ್ರ ಅತಿ ವಿರಳ. ಇದು ಹುಳು ತಿಂದುದಲ್ಲ, ಅಂಟುವುದಲ್ಲ, ಹೆತ್ತವರ ಪಾಪಫಲವೂ ಅಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜನರಿಗೆ ಈ ಮಾತನ್ನು ವಿಶೇಷವಾಗಿ ಹೇಳಲು ಕಾರಣವುಂಟು. ತಲೆಯಲ್ಲಿ ಜಡೆಗಟ್ಟಿದರೆ ದೇವಿಯ ಕರೆಯೆಂದು ನಂಬಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಸೀಮೆಯಿದು. ಆ ಪದ್ಧತಿಯನ್ನು ನಿಷೇಧಿಸಲು 1982ರ ಶಾಸನವೇ ಬೇಕಾಯಿತು. ಕೂದಲಿನ ವಿಕಾರದಲ್ಲಿ ದೈವಸಂಕೇತವನ್ನು ಓದುವ ಅಭ್ಯಾಸಕ್ಕೆ ದಂಡ ತೆತ್ತವರು ಬಡವರ ಹೆಣ್ಣುಮಕ್ಕಳು. ಜಡೆಯಲ್ಲಿ ಕರೆಯನ್ನು ಕಂಡ ಕಣ್ಣು ಬೋಳಿನಲ್ಲಿ ಶಾಪವನ್ನು ಕಾಣದೆ ಇದ್ದೀತೆ?

ಪ್ರಾಣಾಪಾಯವಿಲ್ಲದ ರೋಗಕ್ಕೆ ಇಷ್ಟು ಮಾತೇಕೆ ಎಂದು ಕೆಲವರು ಕೇಳಬಹುದು. ಪ್ರಾಣ ಹೋಗದಿದ್ದರೂ ಮಾನ ಹೋಗುತ್ತದೆ. ಪರಿಹಾಸ್ಯಕ್ಕೆ ಅಂಜಿ ಮಗು ಶಾಲೆಯನ್ನು ಬಿಟ್ಟರೆ ಆ ನಷ್ಟವನ್ನು ಯಾವ ಔಷಧವೂ ತುಂಬಲಾರದು. ಮೇಲಾಗಿ, ಕಂಡವರು ಹೇಳಿದ ಸುಡುವ ಲೇಪಗಳಿಂದ ಚರ್ಮವೇ ಬೆಂದು ಹೋಗಬಹುದು. ತಲೆಯ ಹುಳುಕಡ್ಡಿಯೂ ಕೂದಲುದುರಿಸುತ್ತದೆ. ಅದು ಅಂಟುವ ರೋಗ, ಅದರ ಔಷಧವೇ ಬೇರೆ. ಎರಡನ್ನೂ ಬೇರ್ಪಡಿಸಿ ಹೇಳಬಲ್ಲವನು ವೈದ್ಯನೇ ಹೊರತು ಊರ ಬಾಯಿಯಲ್ಲ.

ಸಣ್ಣ ಬೋಳುಗಳಲ್ಲಿ ಅನೇಕವು ಒಂದು ವರ್ಷದೊಳಗೆ ತಾವಾಗಿಯೇ ತುಂಬುತ್ತವೆ. ಉಲ್ಬಣಿಸಿದ ರೋಗಕ್ಕೆ ಬಾರಿಸಿಟಿನಿಬ್ ಎಂಬ ಗುಳಿಗೆಯನ್ನು 2022ರಲ್ಲಿ ಅಮೆರಿಕವು ಅಂಗೀಕರಿಸಿತು. ಅದು ವೈದ್ಯರ ಕಣ್ಗಾವಲಿನಲ್ಲಿಯೇ ಸೇವಿಸತಕ್ಕದ್ದು. ಎಲ್ಲರಿಗೂ ಫಲ ಕೊಡುವುದೂ ಇಲ್ಲ.

ಈ 5 ತಾಲ್ಲೂಕುಗಳೂ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯ ತಂಡಗಳು ಶಾಲೆಗೆ ಬಂದಾಗ ಹಲ್ಲು ಕಣ್ಣುಗಳೊಡನೆ ತಲೆಯನ್ನೂ ನೋಡಲಿ. ಉಪಾಧ್ಯಾಯರು ಅಂತಹ ಮಗುವಿಗೆ ಟೋಪಿ ಧರಿಸಲು ಅನುಮತಿಯಿತ್ತು, ಇದು ಅಂಟುರೋಗವಲ್ಲವೆಂದು ತರಗತಿಗೆ ತಿಳಿಯಹೇಳಲಿ. ಇದಕ್ಕೆ ಬೊಕ್ಕಸದ ಹಣ ಬೇಕಿಲ್ಲ. ಅಧಿಕಾರಿಗಳ ಒಂದು ಸುತ್ತೋಲೆಯೂ ವಿದ್ಯಾವಂತರ ಸ್ವಲ್ಪ ಧೈರ್ಯವೂ ಸಾಕೆಂದು ನಾವು ಭಾವಿಸುತ್ತೇವೆ.